ಒಲೆ ಪಕ್ಕದ ಪರೀಕ್ಷೆ

ನಮ್ಮನೆಯವರಿಗೆ ನ್ಯಾಯದ ಹುಚ್ಚು. ಮಗಳ ಶಾಲೆಯ ಚಿತ್ರಸ್ಪರ್ಧೆಗೆ ತೀರ್ಪುಗಾರರಾಗಿ ಹೋದವರು ಸ್ವಂತ ಮಗಳಿಗೇ ಕೊನೆಯ ಸ್ಥಾನ ಕೊಟ್ಟು ಬಂದರು. ಇದ್ದದ್ದೇ ಮೂರು ಮಕ್ಕಳು. ಅದರಲ್ಲೊಂದು ಚಿತ್ರ ಬಿಡಿಸದೆ ಅಳುತ್ತಾ ಕೂತಿತ್ತಂತೆ. ಕೇಳಿದರೆ, "ನಾಳೆ ನಾಲ್ಕು ಜನ ಆಡ್ಕೋಬಾರದು ನೋಡು" ಎಂದರು. ಆ ನಾಲ್ಕು ಜನ ಯಾರೆಂದು ಹದಿನಾರು ವರ್ಷದಿಂದ ಹುಡುಕುತ್ತಿದ್ದೇನೆ, ಒಬ್ಬರೂ ಸಿಕ್ಕಿಲ್ಲ.

ಕಂಪ್ಯೂಟರ್ ತಯಾರಿಸುವ ಕಾರ್ಖಾನೆಯಲ್ಲಿ ಇವರು ಪರೀಕ್ಷಕರು. ಹೊಸ ಮಾದರಿ ಬಂದರೆ ಒಂದು ವಾರ ಮನೆಗೆ ತಂದು, ಮನೆಮಂದಿ ಬಳಸುವ ಹಾಗೆ ಬಳಸಿ, ಗಂಟೆಗೊಮ್ಮೆ ಬಿಸಿ ಅಳೆದು ಬರೆಯಬೇಕು. ಅದು ಅಲ್ಲಿನ ಪದ್ಧತಿ. ನಮ್ಮ ಮನೆಯ ಕರೆಂಟು ಬಿಲ್ಲಿನ ಬಗ್ಗೆ ಆ ಪದ್ಧತಿಯಲ್ಲಿ ಏನೂ ಇಲ್ಲ.

ಈ ಸಲ ಎರಡು ಬಂದವು. ಹೊರಗೆ ಅವಳಿ ಮಕ್ಕಳು, ಒಳಗಿನ ಪ್ರೊಸೆಸರ್ ಮಾತ್ರ ಬೇರೆ. ಒಂದು ಹತ್ತು ವರ್ಷದಿಂದ ಕಾರ್ಖಾನೆಗೆ ಕೊಡುತ್ತಿದ್ದ ಹಳೆಯ ಕಂಪನಿಯದು, ಇನ್ನೊಂದು ಹೊಸಬರದು. ಮುಂದೆ ಯಾರಿಂದ ಕೊಳ್ಳುವುದೆಂದು ಇವರ ವರದಿ ನೋಡಿ ತೀರ್ಮಾನ. ಹಳೆಯ ಕಂಪನಿಯ ಇಲ್ಲಿನ ಮಾರಾಟ ಕಚೇರಿಯಲ್ಲಿರುವವನು ನನ್ನ ತಮ್ಮ. ಆ ಕಚೇರಿಗೆ ಇದೊಂದೇ ದೊಡ್ಡ ಗಿರಾಕಿ. ಇದು ಕೈಬಿಟ್ಟರೆ ಕಚೇರಿಗೆ ಬೀಗ, ತಮ್ಮನಿಗೆ ಮನೆ ದಾರಿ.

ಇವರು ಮೇಲಧಿಕಾರಿಯ ಹತ್ತಿರ ಹೋಗಿ, "ಅವನು ನನ್ನ ಭಾಮೈದ, ಬೇರೆಯವರಿಗೆ ಕೊಡಿ ಸಾರ್" ಎಂದು ಹೇಳಿದರಂತೆ. ನಿಮಗಿಂತ ನ್ಯಾಯವಂತರು ಯಾರಿದ್ದಾರೆ ಎಂದು ಅವರು ಎರಡನ್ನೂ ಇವರ ಕೈಗೇ ಕೊಟ್ಟರಂತೆ. ಆ ಮಾತಿಗೆ ಉಬ್ಬಿಕೊಂಡೇ ಮನೆಗೆ ಬಂದರು.

ಮೂರು ದಿನ ಹೊಸಬರದು ನಡುಮನೆಯಲ್ಲಿ ಫ್ಯಾನಿನ ಕೆಳಗೆ ಕೂತಿತ್ತು. ತಮ್ಮನ ಕಂಪನಿಯದು ಅಡುಗೆ ಕಟ್ಟೆಯ ಮೇಲೆ, ಒಲೆಯ ಪಕ್ಕ. ಪ್ಲಗ್ ಸಾಲದೇ ಇಟ್ಟಿದ್ದಾರೆ ಅಂದುಕೊಂಡಿದ್ದೆ. ನಾಲ್ಕನೆಯ ದಿನ ತಡೆಯಲಾರದೆ ಕೇಳಿದೆ.

"ಇದೊಂದೇ ಯಾಕ್ರೀ ಇಲ್ಲಿ ಬೇಯ್ತಾ ಇದೆ?"

"ನಮ್ಮೋರದ್ದನ್ನ ನಾವೇ ಸ್ವಲ್ಪ ಬಿಗಿಯಾಗಿ ನೋಡ್ಬೇಕು. ಇಲ್ಲಾಂದ್ರೆ ಭಾಮೈದ ಅಂತ ಪಾಸ್ ಮಾಡ್ದ ಅಂತಾರೆ."

ನನಗೆ ಪಿತ್ತ ನೆತ್ತಿಗೇರಿತು. "ನಿಮ್ಮ ಒಳ್ಳೇ ಹೆಸರಿಗೋಸ್ಕರ ನನ್ನ ತಮ್ಮನ ಹೊಟ್ಟೆ ಮೇಲೆ ಹೊಡೀತೀರಾ? ಎರಡನ್ನೂ ಒಲೆ ಪಕ್ಕ ಇಡಿ. ಇಲ್ಲ, ಎರಡನ್ನೂ ಫ್ಯಾನ್ ಕೆಳಗಿಡಿ. ಅದು ನ್ಯಾಯ."

ಇವರು ಮೂರು ದಿನದ ಹಾಳೆಗಳನ್ನು ಹರಿದು ಹಾಕಿ, "ತಪ್ಪಾಯ್ತು ಕಣೆ" ಎಂದರು. ಆ ಮಾತು ಅವರ ಬಾಯಲ್ಲಿ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಉಳಿದ ದಿನ ಎರಡನ್ನೂ ಜೊತೆಯಲ್ಲೇ ಇಟ್ಟೆವು. ನಾನೂ ಕುರ್ಚಿ ಹಾಕಿಕೊಂಡು ಕೂತೆ. ಫ್ಯಾನಿನ ಕೆಳಗೆ ತಮ್ಮನ ಕಂಪನಿಯದು ನಾಲ್ಕು ಡಿಗ್ರಿ ಹೆಚ್ಚು ಬಿಸಿ. ಒಲೆಯ ಪಕ್ಕ ಒಂದೇ ಗಂಟೆಯಲ್ಲಿ ಬಿಸಿ ತಡೆಯದೆ ತಾನಾಗಿ ಬಂದ್ ಆಯಿತು. ಹೊಸದು ಏನೂ ಆಗದವರ ಹಾಗೆ ನಡೆಯುತ್ತಿತ್ತು. ಜಾಗ ಅದಲುಬದಲು ಮಾಡಿಸಿದೆ. ಪ್ಲಗ್ ಸಡಿಲ ಇರಬಹುದೆಂದೆ, ಬದಲಾಯಿಸಿದರು. ಥರ್ಮಾಮೀಟರ್ ಕೆಟ್ಟಿದೆ ಎಂದೆ, ಬೇರೆ ತಂದರು. ನಾನು ಹೇಳಿದ್ದನ್ನೆಲ್ಲ ಮಾಡಿದರು. ತಮ್ಮನ ಕಂಪನಿಯದು ಮತ್ತೆ ಮತ್ತೆ ಬಂದ್ ಆಯಿತು.

ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಟ್ಟರು. ಆರ್ಡರ್ ಹೊಸಬರಿಗೆ ಹೋಯಿತು. ಎರಡು ವಾರಕ್ಕೆ ತಮ್ಮನ ಫೋನ್ ಬಂತು.

"ಅಕ್ಕಾ, ಕಚೇರಿ ಮುಚ್ತಾರಂತೆ. ಭಾವ ಸರಿಯಾಗೇ ನೋಡಿದ್ರಾ? ನೀನು ಹೇಳು, ನಂಬ್ತೀನಿ."

"ಸರಿಯಾಗೇ ನೋಡಿದ್ರು ಕಣೋ. ನಾನೂ ಪಕ್ಕದಲ್ಲೇ ಕೂತಿದ್ದೆ."

"ಹಾಗಾದ್ರೆ ಬಿಡು" ಎಂದು ಫೋನ್ ಇಟ್ಟ.

ಮೊದಲ ಮೂರು ದಿನದ ಹಾಳೆಗಳನ್ನೇ ಕೊಟ್ಟಿದ್ದರೆ ಸಾಯುವವರೆಗೂ ಗಂಡನನ್ನು ಬೈದುಕೊಂಡಿರಬಹುದಿತ್ತು. ಈಗ ಯಾರನ್ನು ಬೈಯಲಿ? ಇವರು ಬಾಗಿಲಲ್ಲಿ ನಿಂತು, "ಏನಂದ?" ಎಂದು ಮೆಲ್ಲಗೆ ಕೇಳಿದರು.

"ಬಿಡು ಅಂದ" ಎಂದೆ. ಅಳು ಬಂತು.