ಸತ್ತ ಗಡ್ಡೆಯ ಪರಾಕ್ರಮ

ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದ ಟೀಚರಿಗೆ ಮಕ್ಕಳು ಇಟ್ಟ ಹೆಸರು ಆಲೂ ಮೇಡಂ. ವರ್ಷವಿಡೀ ಸೀಮೆಸುಣ್ಣ ತೇಯುವ ಆ ಸಾಧ್ವಿ, ವರ್ಷಕ್ಕೊಮ್ಮೆ ಚಾಕು ಹಿರಿದು ರಣರಂಗಕ್ಕೆ ಇಳಿಯುತ್ತಿದ್ದರು. ಹಸಿ ಆಲೂಗಡ್ಡೆಯನ್ನು ಬಟ್ಟಲಿನ ಹಾಗೆ ಕೊರೆದು, ಅದರ ಹೊಟ್ಟೆಗೆ ಗಟ್ಟಿ ಸಕ್ಕರೆ ನೀರು ಹೊಯ್ದು, ಬರಿ ನೀರಿನ ತಟ್ಟೆಯಲ್ಲಿ ಕೂರಿಸಿ, ಒಳಗಿನ ಮಟ್ಟಕ್ಕೆ ಒಂದು ಗುಂಡುಪಿನ್ನು ಚುಚ್ಚಿದರೆ ಯುದ್ಧಘೋಷಣೆ ಆದಂತೆ. ಹೊರಗಿನ ನೀರು ಗಡ್ಡೆಯ ಗೋಡೆ ಹಾದು ಒಳಗೆ ನುಗ್ಗಿ, ಮಟ್ಟ ಪಿನ್ನು ದಾಟಿ ಏರುತ್ತಿತ್ತು. ಆಗ ಮೇಡಂ ಪಾಠ ಶುರುಮಾಡುತ್ತಿದ್ದರು.

"ಒಂದೊಂದು ಜೀವಕೋಶಕ್ಕೂ ಒಂದು ತೆಳು ಪೊರೆ ಇರುತ್ತೆ. ಬಾಗಿಲಲ್ಲಿ ಕೂತ ಸೋದರತ್ತೆ ಇದ್ದ ಹಾಗೆ. ನೀರು ಬಂದ್ರೆ ಬಾರಪ್ಪ ಅಂತಾಳೆ, ಸಕ್ಕರೆ ಬಂದ್ರೆ ನೀನ್ಯಾರು ಅಂತಾಳೆ. ಸಕ್ಕರೆ ಅಲ್ಲಾಡೋ ಹಾಗಿಲ್ಲ. ಅದು ಜಾಸ್ತಿ ಇರೋ ಕಡೆಗೆ ನೀರೇ ಹೋಗಬೇಕು."

ಈ ವೈಭವಕ್ಕೆ ಒಂದು ವರ್ಷ ಕುತ್ತು ಬಂತು. ಮುರಿದ ಬೆಂಚುಗಳನ್ನು ತುಂಬಲು ಜಾಗ ಹುಡುಕುತ್ತಿದ್ದ ಹೆಡ್‌ಮಾಸ್ಟರ ಕಣ್ಣು ಪ್ರಯೋಗಶಾಲೆಯ ಮೇಲೆ ಬಿತ್ತು. ಅಲ್ಲಿ ನಿಜಕ್ಕೂ ಪಾಠ ನಡೆಯುತ್ತದೆಯೇ ಎಂದು ನೋಡಿ, ಕೋಣೆ ಯಾರಿಗೆ ಸೇರಬೇಕೆಂದು ತೀರ್ಮಾನಿಸಲು ಇನ್‌ಸ್ಪೆಕ್ಟರು ಬರುವವರಿದ್ದರು. ಬೆಂಚೋ ಆಲೂಗಡ್ಡೆಯೋ, ಅಂದೇ ಇತ್ಯರ್ಥ.

ಮೇಡಮ್ಮಿನ ಮಣಿಕಟ್ಟು ಊದಿತ್ತು. ಗಡ್ಡೆ ಕೊರೆಯುವ ಭಾರವನ್ನು ಗಂಡ ಹೊತ್ತರು. ಅವರು ದರ್ಜಿ, ವಕ್ರವಾದ ಹೊಲಿಗೆ ಕಂಡರೆ ಅನ್ನ ಸೇರದ ಜೀವ. ಅವರು ಕಟ್ಟಿಕೊಟ್ಟ ಗಡ್ಡೆ ಗೀರಿಲ್ಲದೆ, ನುಣ್ಣಗೆ, ರಾಜಮನೆತನದ ಬಟ್ಟಲಿನಂತಿತ್ತು.

ಇನ್‌ಸ್ಪೆಕ್ಟರು ಕನ್ನಡಕ ಏರಿಸಿ ಕೂತರು. ಪಿನ್ನು ಚುಚ್ಚಿದ್ದಾಯಿತು. ಕಾದರು. ಮಟ್ಟ ಏರಲಿಲ್ಲ, ಬದಲಿಗೆ ಮಹಾರಾಯ ಮೆಲ್ಲಗೆ ಕೆಳಗಿಳಿಯತೊಡಗಿದ. ಹೆಡ್‌ಮಾಸ್ಟರ ಮುಖ ಮೊರದಗಲ ಆಯಿತು. ಮೇಡಂ ಗಡ್ಡೆಯನ್ನು ಒತ್ತಿ ನೋಡಿದರು. ಬೆರಳು ಒಳಗೇ ಹೋಯಿತು. ವರಾಂಡಕ್ಕೆ ಬಂದು ಮನೆಗೆ ಫೋನು ಮಾಡಿದರು.

"ರೀ, ಗಡ್ಡೆಗೆ ಏನ್ ಮಾಡಿದ್ರಿ?"

"ಕುಕ್ಕರಲ್ಲಿ ಒಂದೇ ಕೂಗು ಕಣೇ. ಕೊರೆಯೋಕೆ ಎಷ್ಟು ಚೆನ್ನಾಗಿ ಬಂತು ನೋಡು. ಉಪ್ಪು ಹಾಕಿಲ್ಲ, ಹೆದರಬೇಡ."

"ಸೋದರತ್ತೇನೇ ಬೇಯಿಸಿ ಹಾಕಿದ್ರಲ್ರೀ."

ಫೋನಿಟ್ಟು, ಕ್ಯಾಂಟೀನಿನ ಭಟ್ಟರ ಬುಟ್ಟಿಯಿಂದ ಒಂದು ಹಸಿ ಗಡ್ಡೆ ಕಸಿದು ತಂದರು. ಹಲ್ಲು ಕಚ್ಚಿ, ಊದಿದ ಕೈಯಲ್ಲೇ ಕೊರೆದರು. ಸೊಟ್ಟಪಟ್ಟ ಗುಳಿಗೆ ಸಕ್ಕರೆ ನೀರು ಹೊಯ್ದು, ಪಿನ್ನು ಚುಚ್ಚಿ, ಬೆಂದ ಗಡ್ಡೆಯ ಪಕ್ಕದಲ್ಲಿ ಇನ್ನೊಂದು ನೀರಿನ ತಟ್ಟೆಯಲ್ಲಿಟ್ಟರು. ಅಷ್ಟರಲ್ಲಿ ಸೋತ ಮುಖ ಮಾಯವಾಗಿ, ಎಲ್ಲವನ್ನೂ ಮೊದಲೇ ಯೋಚಿಸಿದವರ ಮುಖ ಬಂದಿತ್ತು.

"ಸಾರ್, ಆ ನುಣ್ಣಗಿರೋದು ಸತ್ತಿದೆ. ಬೇಯಿಸಿದ್ರೆ ಪೊರೆ ಹಾಳಾಗುತ್ತೆ. ಆಮೇಲೆ ಕಾಯೋರಿಲ್ಲ, ಸಕ್ಕರೇನೂ ಆಚೆ ಹೋಗುತ್ತೆ. ಈ ಸೊಟ್ಟದಕ್ಕೆ ಜೀವ ಇದೆ. ಊಟ ಮುಗಿಸ್ಕೊಂಡು ಬಂದು ನೋಡಿ."

ಒಂದಕ್ಷರ ಸುಳ್ಳಿರಲಿಲ್ಲ. ಗಡ್ಡೆ ಸತ್ತದ್ದು ಯಾರ ಕೈಯಲ್ಲಿ ಎಂದು ಇನ್‌ಸ್ಪೆಕ್ಟರು ಕೇಳಲೂ ಇಲ್ಲ.

ಊಟ ಮುಗಿಸಿ ಬಂದಾಗ ಸೊಟ್ಟ ಗಡ್ಡೆಯಲ್ಲಿ ನೀರು ಪಿನ್ನನ್ನು ಮುಳುಗಿಸಿತ್ತು. ಸುಂದರಾಂಗನ ಹೊಟ್ಟೆ ಇನ್ನಷ್ಟು ಇಳಿದಿತ್ತು. ಬದುಕಿದ ಗಡ್ಡೆಯನ್ನು ಎಲ್ಲ ಶಾಲೆಯವರೂ ತೋರಿಸುತ್ತಾರೆ, ಸತ್ತದ್ದನ್ನು ಪಕ್ಕದಲ್ಲಿಟ್ಟು ತೋರಿಸಿದವರು ನೀವೊಬ್ಬರೇ ಎಂದು ಇನ್‌ಸ್ಪೆಕ್ಟರು ಹೊಗಳಿದರು. ಮುರಿದ ಬೆಂಚುಗಳು ಮೆಟ್ಟಿಲ ಕೆಳಗೆ ಹೋದವು.

ಅಂದಿನಿಂದ ಪ್ರಯೋಗಕ್ಕೆ ಎರಡು ಗಡ್ಡೆ ಕಡ್ಡಾಯ. ಕುಕ್ಕರಿನ ಅಧಿಕಾರ ದರ್ಜಿಯದ್ದು. ಪ್ರಯೋಗದ ದಿನ ಅವರು ಅಂಗಡಿಯನ್ನೇ ತೆರೆಯುವುದಿಲ್ಲ. ಸಂಜೆ ಹೆಂಡತಿ ಚಪ್ಪಲಿ ಬಿಡುವ ಮೊದಲೇ ಅವರ ಪ್ರಶ್ನೆ ಸಿದ್ಧ.

"ಸತ್ತ ಗಡ್ಡೆ ನಂದು ಅಂತ ಮಕ್ಕಳಿಗೆ ಹೇಳಿದ್ಯಾ?"

"ಹೇಳಿದೆ. ನೋಡೋಕೆ ಚೆನ್ನಾಗಿದ್ದು ಕೆಲಸ ಮಾಡದೇ ಇರೋದು ನಮ್ಮನೆಯವರದು ಅಂದೆ."