ಹಾನಗಲ್ಲಿಗೆ ಹೋದ ಖಾರ

ಸವಣೂರಿನ ಫಕ್ಕೀರವ್ವನ ಬಾಯಿಗೆ ಹೆದರದ ಅಂಗಡಿಕಾರ ಆ ಸೀಮೆಯಲ್ಲಿ ಇರಲಿಲ್ಲ. ಅವಳು ಕಡಲೆಹಿಟ್ಟಿನಲ್ಲಿ ಕರಿದ ಖಾರ ಒಮ್ಮೆ ತಿಂದವರು ಮತ್ತೆ ಹುಡುಕಿಕೊಂಡು ಬರುತ್ತಿದ್ದರು. ಅಂಗಡಿಗೆಂದು ಕೇಳಿ ಬಂದವರನ್ನು ಮಾತ್ರ ಅವಳೇ ಬೈದು ಓಡಿಸುತ್ತಿದ್ದಳು. ಮನೆಯ ಕಟ್ಟೆ ಮೇಲೆ ಬುಟ್ಟಿ ಇಟ್ಟು ಚಟಾಕು, ಪಾವು ಮಾರುವ ತನಕ ಎಲ್ಲ ಸರಿ. ಯಾರಾದರೂ 'ವಾರ ವಾರ ನಮ್ಮ ಅಂಗಡಿಗೆ ಕೊಡ್ರಿ' ಅಂದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ಶಿಗ್ಗಾವಿಯವನು ಚೌಕಾಸಿ ಮಾಡಿದ ಅಂತ ಬೈದು ಕಳಿಸಿದಳು. ಅಕ್ಕಿಆಲೂರಿನವನು ಕೇಳದೆ ಒಂದು ಹಿಡಿ ಬಾಯಿಗೆ ಹಾಕಿಕೊಂಡ ಅಂತ ಕಳಿಸಿದಳು. ಆಮೇಲೆ ಒಲೆ ಮುಂದೆ ಕುಳಿತು, ತನ್ನ ಏಳಿಗೆ ಯಾರಿಗೂ ಬೇಕಿಲ್ಲವೆಂದು ಊರಿಗೆಲ್ಲ ಹಿಡಿಶಾಪ ಹಾಕುವಳು.

ಹಿಂದೆ ಗಂಡ ಶಂಕ್ರಪ್ಪ ಬದುಕಿದ್ದಾಗ ಹಿರೇಕೆರೂರಿನ ಅಂಗಡಿಯೊಂದಕ್ಕೆ ನಾಲ್ಕು ಡಬ್ಬಿ ಒಯ್ದಿದ್ದ. ಎಣ್ಣೆ ಕಮಟು ಎಂದು ನಾಲ್ಕೂ ತಿರುಗಿ ಬಂದವು. ಓಣಿಯ ಮಂದಿ ಎದುರು ಅವನ್ನು ತಿಪ್ಪೆಗೆ ಸುರುವಿ, "ಇಕಿ ಕೈಗುಣ ನೋಡ್ರಿ" ಅಂದಿದ್ದ. ಅವನು ಸತ್ತು ಹತ್ತು ವರ್ಷವಾದರೂ ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ ಹಾನಗಲ್ಲಿನ ಚಹಾದಂಗಡಿಯ ಖಾದರಸಾಬ ಮೂರನೇ ಸಲ ಬಂದ. ಎರಡು ಸಲ ಬೈಸಿಕೊಂಡು ಹೋಗಿದ್ದ. ಫಕ್ಕೀರವ್ವ ಬಾಣಲೆಯಿಂದ ಕಣ್ಣೆತ್ತದೆ ಅಂದಳು:

"ಸಾಬ್ರ, ನಿಮ್ಮಂಗಡಿಗೆ ಖಾರ ಹಾಕೂ ದರ್ದು ನನಗಿಲ್ಲ. ನಡೀರಿ."

ಈ ಸಲ ಅವನು ನಗಲಿಲ್ಲ. "ಫಕ್ಕೀರವ್ವಾರ, ಮಂದಿ ಬೇಕು ಅಂತಾರ, ನೀವ ಬ್ಯಾಡ ಅಂತೀರಿ. ಯಾರ ಮ್ಯಾಲೆ ಈ ಸಿಟ್ಟು? ಇನ್ನ ನಾ ಬರೂದಿಲ್ಲ."

ಅವನು ಹೋದ ಮೇಲೂ ಅವಳ ಬೈಗುಳ ನಿಲ್ಲಲಿಲ್ಲ. ಹಿಟ್ಟು ನಾದುತ್ತಿದ್ದ ನಾದಿನಿ ಸುಶೀಲವ್ವ ಸಾಕಾಗಿ ಅಂದಳು: "ಅತ್ತಿಗಿ, ನಮ್ಮಣ್ಣ ಒಂದ ಸಲ ತಿಪ್ಪಿಗೆ ಸುರುವಿದ. ನೀ ದಿನಾ ಸುರುವಾಕತ್ತಿ."

ಫಕ್ಕೀರವ್ವನ ಕೈ ಅವಳ ಕಪಾಳಕ್ಕೆಂದು ಮೇಲೆದ್ದಿತು, ಹಾಗೇ ಇಳಿಯಿತು. ಸತ್ತ ಗಂಡನ ಮೇಲೆ ಸಿಟ್ಟು ಬಂತು. ಅವನ ಮಾತನ್ನು ಇಷ್ಟು ವರ್ಷ ಸಾಕಿಕೊಂಡ ತನ್ನ ಮೇಲೆ ಇನ್ನೂ ಹೆಚ್ಚು ಬಂತು. ಅದೇ ಸಿಟ್ಟಿನಲ್ಲಿ ಎರಡು ದಿನ ಕರಿದಳು. ಎರಡು ಡಬ್ಬಿ ತುಂಬಿಕೊಂಡು ಹಾನಗಲ್ಲಿನ ಮೋಟಾರು ಹತ್ತಿದಳು. ಬಂಕಾಪುರದಲ್ಲಿ ಇಳಿದು ಮನೆಗೆ ತಿರುಗಿ ಹೋಗಬೇಕೆಂದು ಎದ್ದವಳು, ಪಕ್ಕದಲ್ಲಿ ಕುಳಿತವನಿಗೆ ಸುಮ್ಮಸುಮ್ಮನೆ ನಾಲ್ಕು ಮಾತು ಬೈದು ಮತ್ತೆ ಕುಳಿತಳು.

ಚಹಾದಂಗಡಿಯ ತುಂಬ ಮಂದಿ. ಖಾದರಸಾಬನ ಮುಂದೆ ಡಬ್ಬಿ ಕುಕ್ಕಿದಳು. "ತಿಂದು ಎಲ್ಲಾರ ಮುಂದ ಹೇಳ್ರಿ."

ಅವನು ನಿಧಾನವಾಗಿ ಅಗಿದ. "ಚಲೋ ಐತ್ರಿ. ಉಪ್ಪು ಒಂದೀಟು ಜಾಸ್ತಿ ಆಗೇತಿ."

ಅವಳ ಕೈ ಡಬ್ಬಿಯ ಮೇಲೆ ಹೋಯಿತು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಉಪ್ಪು ಹೆಚ್ಚೇ ಇತ್ತು. ಹಲ್ಲು ಕಚ್ಚಿ ಕೈ ಹಿಂದೆ ತೆಗೆದಳು.

"ಮುಂದಿನ ವಾರ ಕಡಿಮಿ ಹಾಕ್ತೇನಿ. ಇವನ್ನ ಇಟ್ಗೊಳ್ರಿ."

ಆ ವಾರದಿಂದ ಹಾನಗಲ್ಲಿಗೆ ಖಾರ ಹೋಗುವುದು ತಪ್ಪಲಿಲ್ಲ. ಯುದ್ಧದ ವರ್ಷಗಳಲ್ಲಿ ಎಣ್ಣೆ ಸಿಗದಿದ್ದಾಗಲೂ ಅರ್ಧ ಡಬ್ಬಿಯಾದರೂ ಕಳಿಸಿದಳು. ಅಕ್ಕಿಆಲೂರಿನವನ ಅಂಗಡಿಗೆ ತಾನೇ ಹೋಗಿ ಮಾತು ಮುಗಿಸಿ ಬಂದಳು. ತಪ್ಪಾಯಿತು ಅನ್ನಲಿಲ್ಲ, ದರ ಹೇಳಿದಳು ಅಷ್ಟೆ. ಸಿಟ್ಟು ಮಾತ್ರ ಅವಳನ್ನು ಕೊನೆತನಕ ಬಿಡಲಿಲ್ಲ. ಎಣ್ಣೆಯವನು, ಕಟ್ಟಿಗೆಯವನು, ಸುಶೀಲವ್ವ ಎಲ್ಲರೂ ದಿನಾ ಬೈಸಿಕೊಂಡರು. ಅಂಗಡಿಗೆ ಖಾರ ಕೊಳ್ಳಲು ಬಂದವರಿಗೆ ಮಾತ್ರ ಅವಳು 'ಕುಂಡ್ರಿ' ಅನ್ನುತ್ತಿದ್ದಳು, ಮುಖ ಗಂಟು ಹಾಕಿಕೊಂಡೇ.