ಹಿತ್ತಲ ಬಾಗಿಲಿಗೆ ಅಗುಳಿ ಹಾಕದ ಅಮಾವಾಸ್ಯೆ

ನನ್ನ ಮೊಮ್ಮಗನಿಗೆ ಮೂರು ತಿಂಗಳು ತುಂಬಿತು. ಅವನು ಹುಟ್ಟಿದ ದಿನ ಸೂಲಗಿತ್ತಿ ಕೂಸನ್ನು ನನ್ನ ಮಡಿಲಿಗೆ ಹಾಕಿದಾಗ ನಾನು ಮುಖ ನೋಡಲಿಲ್ಲ. ಮೊದಲು ಎಡಗಾಲು ಹಿಡಿದು ಬೆರಳೆಣಿಸಿದೆ. ಐದೂ ಇದ್ದವು. ಅಯ್ಯೋ, ಆವತ್ತಿನ ನನ್ನ ಸಂತೋಷ ಏನು ಹೇಳಲಿ! ಬೀದಿಯ ಎಲ್ಲ ಮನೆಗೂ ಬೆಲ್ಲ ಹಂಚಿದೆ, ಮರೆತು ಎರಡೆರಡು ಸಲ ಹಂಚಿದ ಮನೆಗಳೂ ಉಂಟು. ಈಗಲೂ ದಿನಾ ಕಾಲ ಮೇಲೆ ಹಾಕಿಕೊಂಡು ನೀರೆರೆಯುವಾಗ ಆ ಕಾಲಿನ ಬೆರಳು ಎಣಿಸುತ್ತೇನೆ. "ಅತ್ತೆ, ರಾತ್ರಿ ಯಾರಾದ್ರೂ ಬಂದು ಬೆರಳು ಕಿತ್ಕೊಂಡ್ ಓಯ್ತಾರಾ?" ಎಂದು ಸೊಸೆ ನಗುತ್ತಾಳೆ. ಯಾಕೆ ಎಣಿಸುತ್ತೇನೆ ಎಂದು ಇದುವರೆಗೆ ಯಾರಿಗೂ ಹೇಳಿಲ್ಲ. ಬರೆದಾದರೂ ಇಡುತ್ತೇನೆ. ಮರಳಿನಲ್ಲಿ ಬೆರಳಾಡಿಸಿ ಕಲಿತ ಅಕ್ಷರ, ಸೊಟ್ಟಗಿದ್ದರೆ ಓದುವವರು ನೆಟ್ಟಗೆ ಮಾಡಿಕೊಳ್ಳಲಿ.

ಆಗ ಮಹಾರಾಜರ ಕಾಲ. ನನಗೆ ಎಂಟೋ ಒಂಬತ್ತೋ ವರ್ಷ. ನಮ್ಮೂರು ಕಂಪಲಾಪುರದ ಪಕ್ಕ. ಅಪ್ಪ ಗಾಡಿ ಹೊಡೆಯುತ್ತಿದ್ದರು. ಕೋಟೆ ತಾಲ್ಲೂಕಿನ ಕಾಡಿನಿಂದ ಬಿದಿರು ಹೇರಿಕೊಂಡು ಹುಣಸೂರಿಗೆ ಹೋಗಿ ಇಳಿಸುವುದು, ಅದೇ ನಮ್ಮ ಅನ್ನ. ಆ ಗಾಡಿಯ ಜೋಡಿ ಎತ್ತುಗಳನ್ನು ನನ್ನ ತಾತ ಹುಣಸೂರಿನ ಒಬ್ಬ ಸಾಹುಕಾರರ ಹತ್ತಿರ ಸಾಲ ಮಾಡಿ ತಂದಿದ್ದರು. ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ವರ್ಷ ತುಂಬುವುದರೊಳಗೆ ತಾತ ಕೆಮ್ಮಿ ಕೆಮ್ಮಿ ತೀರಿಕೊಂಡರು. ಎತ್ತು ಉಳಿದವು, ಸಾಲವೂ ಉಳಿಯಿತು.

ಸಾಹುಕಾರರ ಕಡೆಯಿಂದ ವಸೂಲಿಗೆ ಒಬ್ಬ ಬರುತ್ತಿದ್ದ. ಬಂದವನು ಕೂಗಾಡಿ ಹೋದರೆ ಅಷ್ಟು ಭಯವಿರಲಿಲ್ಲ. ಇವನು ಜಗುಲಿಯ ಮೇಲೆ ಕೂತು, ಕೈಯ ಬಡಿಗೆಯಿಂದ ಬಾಗಿಲಿನ ಚೌಕಟ್ಟಿಗೆ ಟಕ್, ಟಕ್ ಎಂದು ಬಡಿಯುತ್ತಲೇ ಇರುತ್ತಿದ್ದ. ಮಾತಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬರೀ ಟಕ್, ಟಕ್. ಅವ್ವ ನೀರಿಗೆ ಹೋಗುವಂತಿಲ್ಲ, ಒಂದು ಸಲ ಹೊರಟಾಗ ಕೊಡವನ್ನು ಒದ್ದು ಬೀದಿಗೆ ಉರುಳಿಸಿದ್ದ. ಅವನು ಎದ್ದು ಹೋದ ಮೇಲೂ ಆ ಸದ್ದು ಮನೆಯಲ್ಲೇ ಉಳಿದು, ಒಲೆಯಲ್ಲಿ ಸೌದೆ ಚಿಟಿಲ್ ಎಂದರೂ ನಾವು ಬೆಚ್ಚುತ್ತಿದ್ದೆವು. ನಾನು ಅವನ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಬಾಗಿಲ ಹಿಂದೆ ಅವಿತು ಕೆಳಗಿನ ಸಂದಿನಲ್ಲಿ ಇಣುಕಿದರೆ ಕಾಣುತ್ತಿದ್ದದ್ದು ಅವನ ಪಾದ. ಎಡಗಾಲಿನಲ್ಲಿ ಕಿರುಬೆರಳಿರಲಿಲ್ಲ. ಆ ಜಾಗ ಗೋಲಿಯ ಹಾಗೆ ನುಣ್ಣಗಿತ್ತು.

ಆ ವರ್ಷದ ಪಿತೃಪಕ್ಷದಲ್ಲಿ ಬಂದವನು ಕಡೆಗೂ ಬಾಯಿ ಬಿಟ್ಟ. "ಅಮಾಸೆ ಕಳೀಲಿ, ಎತ್ತು ಒಡ್ಕೊಂಡೋಯ್ತೀನಿ. ಗಾಡಿಗೆ ನೀನೇ ಎಗಲು ಕೊಡು ಕಣ್ಲಾ" ಎಂದ ಅಪ್ಪನಿಗೆ.

ಅಪ್ಪ ಕೈ ಮುಗಿದರು. "ಎತ್ತು ಓದ್ರೆ ನಾವು ಉಣ್ಣೋದೇನಣ್ಣ? ಸಾಲ ತೀರ್ಸೋದಾದ್ರೂ ಎಂಗೆ?"

"ಎಬ್ಬೆಟ್ಟು ಒತ್ತಿದೋನ್ನ ಕೇಳು. ಕರಿ ನಿಮ್ಮಪ್ಪನ್ನ."

ಒಳಗಿದ್ದ ಅಜ್ಜಿಗೆ ಅದು ತಡೆಯಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು, ಗೋಡೆ ಹಿಡಿದುಕೊಂಡೇ ಹೊಸ್ತಿಲಿಗೆ ಬಂದರು. "ಅಮಾಸೆ ದಿನ ಬತ್ತನೆ ಕಣಪ್ಪ, ಎಡೆ ಉಣ್ಣಕ್ಕೆ. ಧೈರ್ಯ ಇದ್ರೆ ಬಂದು ನೀನೇ ಕೇಳು."

"ಬತ್ತೀನಿ ಬುಡು ಮುದ್ಕಿ" ಎಂದು ಅವನು ನಕ್ಕ. ಎಕ್ಕಡದ ಸದ್ದು ಬೀದಿ ದಾಟುವವರೆಗೂ ಅಜ್ಜಿ ಹಾಗೇ ನಿಂತಿದ್ದರು.

ನಮ್ಮಲ್ಲಿ ಆ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಎಲೆಯಲ್ಲಿ ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಕೂರಬೇಕು. ಅವರು ಬಂದು ಉಂಡು ಹೋಗುವವರೆಗೆ ಇಣುಕಬಾರದು, ಮಾತಾಡಬಾರದು. ಅಜ್ಜಿಯ ತವರಿನ ಪದ್ಧತಿ ಇನ್ನೂ ಒಂದು ಹೆಚ್ಚು: ಎಡೆಯ ಮುಂದೆ ರಾಗಿ ಹಿಟ್ಟನ್ನು ಜರಡಿಯಲ್ಲಿ ತೆಳ್ಳಗೆ ಉದುರಿಸುವುದು. ಬಂದವರ ಹೆಜ್ಜೆ ಅದರಲ್ಲಿ ಮೂಡಬೇಕು.

ಹಿತ್ತಲ ಬಾಗಿಲು ಭದ್ರಪಡಿಸುವ ಕೆಲಸ ನನ್ನದು. ಅಗುಳಿಗೆ ಕೈ ಹಾಕಿದ್ದೆ. "ಬ್ಯಾಡ ಕಣವ್ವ, ತೆಗಿ. ನಿಮ್ ತಾತ ಯಾವತ್ತೂ ಗಾಡಿ ಬುಟ್ಟು ಇತ್ಲ ಕಡೆಯಿಂದ್ಲೇ ಬತ್ತಿದ್ದುದು. ಅಗುಳಿ ಆಕುದ್ರೆ ಎಂಗೆ ಬಂದಾರು?" ಎಂದರು ಅಜ್ಜಿ. ನಾನು ಅಗುಳಿ ತೆಗೆದು ಬಾಗಿಲು ಬರೀ ಒತ್ತಿ ಬಂದೆ.

ಇನ್ನೂ ಬಿಸಿಲಿತ್ತು. ಅಜ್ಜಿ, ಅಪ್ಪ, ಅವ್ವ, ನಾನು ಜಗುಲಿಯ ಮೇಲೆ ಮುಚ್ಚಿದ ಬಾಗಿಲಿಗೆ ಬೆನ್ನು ಹಾಕಿ ಕೂತೆವು. ಆಗಿನ ಮನೆಗಳಲ್ಲಿ ಎತ್ತುಗಳನ್ನೂ ಒಳಗೇ ಒಂದು ಮಗ್ಗುಲಿಗೆ ಕಟ್ಟುತ್ತಿದ್ದರು. ಅವು ಹುಲ್ಲು ಮೇಯುವಾಗ ಕೊರಳ ಗಂಟೆ ಸಣ್ಣಗೆ ಉಲಿಯುತ್ತಿತ್ತು. ಆ ಸದ್ದು ಕೇಳುತ್ತ ನನಗೆ ತೂಕಡಿಕೆ ಬಂದಿತ್ತು.

ಗಂಟೆ ನಿಂತಿತು. ಮೊದಲು ಒಂದರದು. ಸ್ವಲ್ಪ ಹೊತ್ತಿಗೆ ಇನ್ನೊಂದರದು.

ಎತ್ತು ಉಸಿರು ಬಿಡುವುದು ಮಾತ್ರ ಕೇಳುತ್ತಿತ್ತು. ಅವ್ವ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಒಳಗೆ ಎಲೆ ಸರಿದ ಸದ್ದು. ಲೋಟ ನೆಲಕ್ಕೆ ತಾಗಿದ ಸದ್ದು. ಆಮೇಲೆ ಒಂದು ಕೆಮ್ಮು. ತಾತನ ಲೋಟದಲ್ಲಿ ಹೆಂಡ ಇಟ್ಟಿದ್ದೆವು. ಕುಡಿದಾಗಲೆಲ್ಲ ತಾತ ಹೀಗೇ ಕೆಮ್ಮುತ್ತಿದ್ದರು.

ಅಜ್ಜಿ ಬಾಗಿಲ ಕಡೆ ತಿರುಗಿ ಹಣೆಯನ್ನು ಹಲಗೆಗೆ ಆನಿಸಿದರು. "ಹೈದನಪ್ಪಾ" ಎಂದರು. ಬದುಕಿದ್ದಾಗ ತಾತನನ್ನು ಹಾಗೇ ಕರೆಯುತ್ತಿದ್ದದ್ದು.

"ಉಣ್ಣೋವಾಗ ಮಾತಾಡ್ಸಬಾರ್ದು ಕಣವ್ವ" ಎಂದು ಅಪ್ಪ ಪಿಸುಗುಟ್ಟಿದರು.

"ವರ್ಸಕ್ಕೊಂದ್ ದಪ ಬತ್ತನೆ, ಇನ್ಯಾವಾಗ ಮಾತಾಡ್ಸಲಿ? ಸುಮ್ನಿರು. ಹೈದನಪ್ಪಾ, ನೀನು ಸಾಲ ಮಾಡಿ ಓದೆ. ನಿನ್ ಎತ್ತ ನಾಳೆ ಒಡ್ಕೊಂಡೋಯ್ತರಂತೆ. ಇವನಿಗೆ ಬ್ಯಾರೆ ಕಸುಬು ಗೊತ್ತಿಲ್ಲ. ಮನೇಲಿ ಹೆಣ್ಣು ಮಗೀಗೆ ಒಪ್ಪೊತ್ತಿನ ಹಿಟ್ಟೂ ಹುಟ್ಟಾಕಿಲ್ಲ. ಆ ವಸೂಲಿಯೋನಿಗೆ ನೀನೇ ಬುದ್ಧಿ ಏಳು. ಏಳ್ತೀಯಾ? ಎತ್ತು ಮುಟ್ಟಬ್ಯಾಡ ಅಂತ ಏಳ್ತೀಯಾ?"

ಒಳಗೆ ಎಲ್ಲ ಸದ್ದೂ ನಿಂತಿತು. ಬೀದಿಯಲ್ಲಿ ಒಂದು ಕೋಳಿ ಕೂಡ ಕೆದಕುತ್ತಿರಲಿಲ್ಲ.

"ಹೂಂ."

ನಾಲ್ಕು ಜನಕ್ಕೂ ಕೇಳಿಸಿತು. ದಪ್ಪನೆಯ, ನಿಧಾನವಾದ ಹೂಂ. ಮರುಗಳಿಗೆಗೇ ದಡಬಡ ಎಂಬ ಸದ್ದು, ಹಿತ್ತಲ ಬಾಗಿಲು ಬಡಿದುಕೊಂಡ ಸದ್ದು. ಅಜ್ಜಿ ಅಳುತ್ತ ನಗುತ್ತ ಕೂತೇ ಇದ್ದರು. ಬಹಳ ಹೊತ್ತಾದ ಮೇಲೆ, ನಾವು ಒಳಗೆ ಬರುವುದು ಹಿರಿಯರಿಗೆ ತಿಳಿಯಲೆಂದು ಮೂರು ಸಲ ಕೆಮ್ಮಿ, ಬಾಗಿಲು ತೆಗೆಸಿದರು.

ಅರ್ಧ ಕಚ್ಚಿದ ವಡೆ ಎಲೆಯಲ್ಲಿತ್ತು. ಲೋಟ ಬರಿದಾಗಿತ್ತು. ಎತ್ತುಗಳು ನಿಂತಲ್ಲೇ ನಿಂತಿದ್ದವು, ಆದರೆ ಹಗ್ಗ ಗೂಟದಿಂದ ಬಿಚ್ಚಿ ನೆಲಕ್ಕೆ ಬಿದ್ದಿತ್ತು, ಎರಡು ಗಂಟೆಗೂ ಹುಲ್ಲು ತುರುಕಿತ್ತು. ಅದನ್ನು ನೋಡಿ ಅಪ್ಪ ಗಳಗಳ ಅತ್ತರು. ಕಾಡಿನ ದಾರಿಯಲ್ಲಿ ಆನೆ ಸುಳಿವು ಸಿಕ್ಕರೆ ತಾತ ಸದ್ದಾಗದಂತೆ ಹಾಗೇ ಗಂಟೆಗೆ ಹುಲ್ಲು ತುರುಕುತ್ತಿದ್ದರಂತೆ. "ಅಪ್ಪನೇ ಬಂದವ್ರೆ ಕಣವ್ವ, ಇನ್ಯಾರಿಗೆ ಇದು ಗೊತ್ತು!"

ನಾನು ಎಡೆಯ ಮುಂದಿನ ಹಿಟ್ಟು ನೋಡುತ್ತಿದ್ದೆ. ಒಂದೇ ಒಂದು ಹೆಜ್ಜೆ ಮೂಡಿತ್ತು. ಎಡಗಾಲು. ನಾಲ್ಕು ಬೆರಳು.

"ಎಜ್ಜೆ ಮೂಡ್ಯದಾ ಮಗಾ?" ಎಂದು ಅಜ್ಜಿ ಗೋಡೆ ತಡವುತ್ತ ಬಂದರು. ಆ ಮುಖದಲ್ಲಿದ್ದ ಬೆಳಕನ್ನು ನಾನು ಮತ್ತೆ ಕಂಡಿಲ್ಲ. ಅಪ್ಪ ಈ ಕಡೆ ತಿರುಗುವ ಮೊದಲು ಆ ಹೆಜ್ಜೆಯ ಮೇಲೆ ನನ್ನ ಕಾಲಿಟ್ಟು ಅಳಿಸಿಬಿಟ್ಟೆ. "ಮೂಡಿತ್ತು ಅಜ್ಜಿ. ನಾನೇ ತುಳಿದ್ಬುಟ್ಟೆ." ಬೆನ್ನಿಗೊಂದು ಗುದ್ದು ಬಿತ್ತು. ಆವತ್ತು ಆ ಗುದ್ದು ಸಿಹಿಯಾಗಿತ್ತು.

ಮಾರನೆಯ ದಿನ ಅವನು ಬರಲಿಲ್ಲ. ಹದಿನೈದು ದಿನ ಕಳೆದು ಬಂದ. ಜಗುಲಿ ಹತ್ತಲಿಲ್ಲ, ಬಡಿಗೆಯಿರಲಿಲ್ಲ, ಎಕ್ಕಡ ಕೈಯಲ್ಲಿತ್ತು. ಬೀದಿಯಲ್ಲೇ ನಿಂತು ಅಪ್ಪನಿಗೆ ಹೇಳಿದ: "ಎತ್ತು ನಿನ್ನತ್ರಾನೇ ಇರ್ಲಿ. ಎತ್ತಿದ್ರೆ ತಾನೆ ದುಡ್ಡು ಉಟ್ಟೋದು ಅಂತ ಸಾವ್ಕಾರ್ರಿಗೆ ಏಳಿ ಒಪ್ಸಿವ್ನಿ. ಬಾಡಿಗೆ ಬಂದಂಗೆಲ್ಲ ಕಟ್ಕೊಂಡ್ ಓಗು." ಅಜ್ಜಿ ನೀರು ಕೊಡಿಸಿದರು. ಸಾಲಗಾರರ ಮನೆಯಲ್ಲಿ ವಸೂಲಿಯವರು ನೀರು ಕೂಡ ಮುಟ್ಟುವುದಿಲ್ಲ, ಅನ್ನನೀರಿನ ಋಣ ಬಿದ್ದರೆ ಕೈ ಕಟ್ಟಿದ ಹಾಗೆ ಎಂದು. ಅವನು ಎರಡು ಕೈಯಲ್ಲಿ ಇಸಿದುಕೊಂಡು ಕುಡಿದ. ಅವ್ವ ಬೆರಗಾದಳು. ನಾನು ಆಗಲಿಲ್ಲ.

ಸಾಲ ತೀರಲು ವರ್ಷಗಳೇ ಹಿಡಿದವು. ಕೊನೆಯ ಕಂತು ಇಸಿದುಕೊಂಡು ಪತ್ರ ಹರಿದ ದಿನ ಅಪ್ಪ ಅವನನ್ನು ಊಟಕ್ಕೆ ಕೂರಿಸಿದರು. ನನಗೆ ಆಗ ಮದುವೆ ಗೊತ್ತಾಗಿತ್ತು, ಅಜ್ಜಿ ತೀರಿಕೊಂಡಿದ್ದರು. ಬಡಿಸುತ್ತ, ಅಪ್ಪ ಕೈ ತೊಳೆಯಲು ಎದ್ದಾಗ ಮೆಲ್ಲಗೆ ಕೇಳಿದೆ: "ಆವತ್ತು ನಮ್ ತಾತನ ಎಡೆ ಉಂಡೋರು ನೀವಲ್ವಾ? ನಿಮ್ ಕಾಲ ಗುರ್ತು ನಾನು ಕಂಡಿದ್ದೆ."

ಅವನ ಕೈಯ ತುತ್ತು ಎಲೆಗೆ ಬಿತ್ತು. "ದಿಟ ಕಣವ್ವ. ಹಗ್ಗ ಬಿಚ್ಚಿದ್ದೂ ನಾನೆ, ಗಂಟೆಗೆ ಉಲ್ಲು ಇಟ್ಟಿದ್ದೂ ನಾನೆ. ಉಣಸೂರಿಂದ ನಡ್ಕೊಂಡ್ ಬಂದಿದ್ದೆ, ಅಸಿವು ತಡೀಲಿಲ್ಲ."

"ಹೋಗ್ಲಿ ಬುಡಿ, ಹೂಂ ಅಂದು ನಮ್ಮಜ್ಜೀನ ಬದುಕ್ಸಿದ್ರಿ."

ಅವನು ನನ್ನನ್ನೇ ನೋಡಿದ. "ನಾನು ಅನ್ನಲಿಲ್ಲ ಕಣವ್ವ. ನನ್ನ ಬಾಯಲ್ಲಿ ವಡೆ ಇತ್ತು. ಹೂಂ ಅಂದಿದ್ದು ನನ್ನ ಬೆನ್ನಿಂದೆ, ಎತ್ತಿನ ಮಗ್ಗುಲಿಂದ. ತಿರುಗಿ ನೋಡೋಕೂ ಆಗ್ದೆ ಓಡ್ದೆ." "ನಿಮ್ಮ ಇರೀಕರ ಎಡೆ ಉಂಡೋನು ನಾನು. ಸತ್ ಮ್ಯಾಲೆ ಇನ್ನೆಲ್ಲಿಗವ್ವ ಓಗಲಿ? ನಿಮ್ ವಂಸದಲ್ಲೇ ಉಟ್ಟಿ ಬರ್ಬೇಕಾಯ್ತದೆ" ಎಂದ. ಎಲೆಯಲ್ಲಿದ್ದದ್ದನ್ನು ಒಂದು ಅಗುಳೂ ಬಿಡದೆ ಉಂಡು ಎದ್ದು ಹೋದ. ಆಮೇಲೆ ಅವನನ್ನು ನಾವು ಕಾಣಲಿಲ್ಲ.

ಅದಕ್ಕೇ ಬೆರಳೆಣಿಸುವುದು. ನನ್ನ ಮಕ್ಕಳದೂ ಎಣಿಸಿದ್ದೆ, ಈಗ ಮೊಮ್ಮಗನದೂ. ಐದೂ ಇವೆ, ಮುದ್ದಾದ ಐದು, ಕಡಲೆಕಾಳಿನ ಹಾಗೆ!

ನಿನ್ನೆ ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಸಂತೋಷ ಉಕ್ಕಿ ಸುಮ್ಮನೆ ಮಾತಾಡಿಸಿದೆ. "ಸಾಲ ಎಲ್ಲ ತೀರ್ತು ಕಣೋ ನನ್ನಪ್ಪ, ಎತ್ತು ನಮ್ಮತ್ರಾನೇ ಉಳೀತು, ಗೊತ್ತಾ ನಿಂಗೆ?" ಎಂದೆ.

"ಹೂಂ" ಎಂದಿತು ಕೂಸು.

ಸೊಸೆ ನಕ್ಕಳು. ಮೂರು ತಿಂಗಳ ಕೂಸುಗಳೆಲ್ಲ ಹಾಗೇ ಹೂಂಗುಡುತ್ತವೆ ಅತ್ತೆ ಎಂದಳು. ಇರಬಹುದು. ನನ್ನ ತೋಳಿನ ಕೂದಲೆಲ್ಲ ನೆಟ್ಟಗೆ ನಿಂತಿದ್ದವು, ಕಣ್ಣಲ್ಲಿ ನೀರು, ಬಾಯಲ್ಲಿ ತಡೆಯಲಾಗದ ನಗು. ಇನ್ನೆರಡು ವಾರಕ್ಕೆ ಪಿತೃಪಕ್ಷದ ಅಮಾವಾಸ್ಯೆ. ಹಿತ್ತಲ ಬಾಗಿಲಿಗೆ ಆವತ್ತು ಅಗುಳಿ ಹಾಕಬೇಡ ಎಂದು ಸೊಸೆಗೆ ಹೇಳಿಟ್ಟಿದ್ದೇನೆ. ವಡೆ ಮಾತ್ರ ಈ ಸಲ ಎರಡು ಎಲೆಗೆ ಬಡಿಸುತ್ತೇನೆ, ಒಂದು ತಾತನಿಗೆ, ಇನ್ನೊಂದು ಆವತ್ತು ಅರ್ಧ ಕಚ್ಚಿ ಓಡಿದವನಿಗೆ.